ಆಯ್ತು ಅಂದರೆ ಆಯ್ತಾ?

"ಮೇಡಂ, ಒಂದೇ ಬ್ಯಾಚಿನ ಎರಡು ಪೆಟ್ಟಿಗೆ ನನ್ನ ಮೇಜಿನ ಮೇಲಿವೆ. ಒಂದಕ್ಕೆ ನಿಮ್ಮ ಮೆಷಿನ್ನು ಕೆಂಪು ದೀಪ ತೋರಿಸ್ತಿದೆ, ಇನ್ನೊಂದಕ್ಕೆ ಹಸಿರು. ನಾನು ಯಾವುದನ್ನ ನಂಬಲಿ?"

ಫೋನ್ ಮಾಡಿದವನು ಯಾವುದೋ ಆಸ್ಪತ್ರೆಯ ಔಷಧಿ ಉಗ್ರಾಣದವನು. ದನಿಯಲ್ಲಿ ಸಿಟ್ಟಿರಲಿಲ್ಲ, ಪಾಪ, ನಿಜವಾಗಿಯೂ ಗೊತ್ತಾಗದೆ ಕೇಳ್ತಿದ್ದ. ನನಗೆ ಭಯ ಹತ್ತಿತು. ಎರಡಕ್ಕೂ ಕೆಂಪು ಬರಬೇಕಿತ್ತು. "ಎರಡನ್ನೂ ಮುಟ್ಟಬೇಡಿ, ಬೀಗ ಹಾಕಿಡಿ" ಅಂದೆ. "ಆಯ್ತು ಮೇಡಂ" ಅಂತ ಫೋನ್ ಇಟ್ಟ.

ನಾವು ಮಾಡೋ ಕೆಲಸ ಹೇಳಿಬಿಡ್ತೀನಿ, ಇಲ್ಲದಿದ್ದರೆ ನನ್ನ ಭಯ ನಿಮಗೆ ಅರ್ಥ ಆಗಲ್ಲ. ಔಷಧಿ ಕಾರ್ಖಾನೆಯಿಂದ ಹೊರಡೋ ಪ್ರತಿ ಪೆಟ್ಟಿಗೆಯ ಜಾತಕವನ್ನ ನಮ್ಮ ಕಂಪನಿ ಬ್ಲಾಕ್‌ಚೈನಿನಲ್ಲಿ ಬರೆದಿಡುತ್ತೆ. ಅಂದರೆ ಊರೂರಲ್ಲಿರೋ ನೂರಾರು ಕಂಪ್ಯೂಟರುಗಳು ಒಂದೇ ದಾಖಲೆಯನ್ನ ಒಟ್ಟಿಗೆ ಇಟ್ಟುಕೊಂಡಿರುತ್ತವೆ. ಒಮ್ಮೆ ಬರೆದದ್ದನ್ನ ಯಾವ ದೊಡ್ಡಮನುಷ್ಯನೂ ಅಳಿಸೋಕಾಗಲ್ಲ. ಆಸ್ಪತ್ರೆಯವರು ಪೆಟ್ಟಿಗೆ ತೆರೆಯೋ ಮುಂಚೆ ಸ್ಕ್ಯಾನ್ ಮಾಡಬೇಕು. ಹಸಿರು ಬಂದರೆ ಬಳಸಬಹುದು, ಕೆಂಪು ಬಂದರೆ ಕೂಡದು. ಅಷ್ಟೇ ವಿಷಯ.

ಹಿಂದಿನ ದಿನ ಒಂದು ಕಾರ್ಖಾನೆಯಿಂದ ಸುದ್ದಿ ಬಂದಿತ್ತು. ಆಪರೇಷನ್ನಿಗೆ ಮುಂಚೆ ಮಂಪರು ಬರಿಸೋ ಇಂಜೆಕ್ಷನ್ನಿನ ಒಂದು ಬ್ಯಾಚಿನಲ್ಲಿ ಲೇಬಲ್ಲು ಅದಲುಬದಲಾಗಿದೆ. ಸೀಸೆಯೊಳಗಿರೋದು ಜೋರಿನ ಔಷಧಿ, ಮೇಲೆ ಅಂಟಿಸಿರೋದು ಮೆದು ಔಷಧಿಯ ಲೇಬಲ್ಲು. ಡಾಕ್ಟರು ಲೇಬಲ್ಲು ನೋಡಿ ಅಳತೆ ಹಾಕಿ ಕೊಟ್ಟರೆ ಮಲಗಿದವರು ಏಳದೇ ಹೋಗಬಹುದು. ಆ ಬ್ಯಾಚಿನ ಪೆಟ್ಟಿಗೆಗಳು ಸಾವಿರಾರು. ಒಂದೊಂದಕ್ಕೂ ಒಂದೊಂದು 'ತಡೆ' ಸಂದೇಶವನ್ನ ಬ್ಲಾಕ್‌ಚೈನಿಗೆ ಕಳಿಸಬೇಕು. ಬೇಗ ಮುಗೀಲಿ ಅಂತ ಎಲ್ಲವನ್ನೂ ಒಟ್ಟಿಗೆ ಕಳಿಸಿದ್ದೆವು. ಪರದೆ ಮೇಲೆ ಪ್ರತಿ ಪೆಟ್ಟಿಗೆಯ ಮುಂದೆಯೂ ಮುದ್ದಾಗಿ ಒಂದು ಮಾತು ಬಂತು: ಆಯ್ತು. ಆಯ್ತು. ಆಯ್ತು. ನಾವೂ ಆಯ್ತು ಅಂದುಕೊಂಡು ಮನೆಗೆ ಹೋಗಿ ಮಲಗಿದ್ದೆವು.

ಇನ್ನೊಂದು ವಿಷಯ. ಆ ಫೋನ್ ಬಂದ ದಿನವೇ ಮಧ್ಯಾಹ್ನ ನನ್ನ ಅಕ್ಕನಿಗೆ ಪಿತ್ತಕೋಶದ ಕಲ್ಲು ತೆಗೆಯೋ ಆಪರೇಷನ್ ಇತ್ತು. ನಾನು ಅರ್ಧ ದಿನ ರಜೆ ಹಾಕಿ ಬ್ಯಾಗು ಹೆಗಲಿಗೇರಿಸಿ ನಿಂತಿದ್ದಾಗಲೇ ಆ ಫೋನ್ ಬಂದದ್ದು.

ಬ್ಯಾಗು ಕೆಳಗಿಟ್ಟೆ. ಪಕ್ಕದ ಕುರ್ಚಿಯಲ್ಲಿ ನಮ್ಮ ಗೊಣಗ ಕೂತಿದ್ದ. ಒಳ್ಳೇ ಕೆಲಸಗಾರ, ಆದರೆ ಕಂಪ್ಯೂಟರಿನ ಜೊತೆ ಜಗಳ ಆಡ್ತಾನೇ ಇರ್ತಾನೆ, ಅದಕ್ಕೇ ಆ ಹೆಸರು. ತಣ್ಣೀರನ್ನೂ ಆರಿಸಿ ಕುಡಿಯೋ ಮನುಷ್ಯ. ಇಬ್ಬರೂ ಸೇರಿ ಬ್ಲಾಕ್‌ಚೈನನ್ನೇ ತೆರೆದು ಪೆಟ್ಟಿಗೆಗಳನ್ನ ಒಂದೊಂದಾಗಿ ನೋಡಿದೆವು. ತಡೆ ಇದೆ, ಇದೆ, ಇದೆ, ಇಲ್ಲ. ಇದೆ, ಇದೆ, ಇಲ್ಲ.

"ನಮ್ಮ ಪರದೆ ಆಯ್ತು ಅಂತಿದೆಯಲ್ಲೇ!" ಅಂದ ಗೊಣಗ. ಅವನ ಗೊಣಗಾಟ ನಿಂತುಹೋಯ್ತು. ಅದು ನನ್ನನ್ನ ಇನ್ನೂ ಹೆದರಿಸಿತು.

ಸಾಹೇಬರ ಕೋಣೆಗೆ ನುಗ್ಗಿದೆ. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತೆ, ಮನೇಲಿ ನನ್ನ ಹೆಸರೇ ಸಿಡುಕಿ. "ಸರ್, ಎಲ್ಲಾ ಆಸ್ಪತ್ರೆಗಳಿಗೂ ಈಗಲೇ ಫೋನ್ ಮಾಡಿಸಿ. ಕೆಲವು ಪೆಟ್ಟಿಗೆಗೆ ತಡೆ ಬಿದ್ದಿಲ್ಲ."

"ಎಷ್ಟು ಪೆಟ್ಟಿಗೆ? ಯಾವುವು? ಯಾವ ಆಸ್ಪತ್ರೆಯಲ್ಲಿ?"

"ಅದು ಗೊತ್ತಿದ್ದರೆ ನಿಮ್ಮ ಹತ್ತಿರ ಯಾಕೆ ಬರ್ತಿದ್ದೆ? ಸ್ಕ್ಯಾನ್ ಮಾಡಿದಾಗಲೇ ಯಾವ ಪೆಟ್ಟಿಗೆ ಎಲ್ಲಿದೆ ಅಂತ ನಮಗೆ ಗೊತ್ತಾಗೋದು."

ಅವರು ಎದ್ದು ಬಾಗಿಲು ಹಾಕಿದರು. "ನೋಡಮ್ಮ, ಗೊತ್ತಿಲ್ಲದೆ ಊರಿಗೆಲ್ಲ ಡಂಗುರ ಸಾರೋದು ಬೇಡ. ಎಲ್ಲಾ ಪೆಟ್ಟಿಗೆಗೂ ತಡೆ ಹಾಕಿದ್ದೀವಿ ಅಂತ ಕಾರ್ಖಾನೆಯವರಿಗೆ ನಿನ್ನೆ ತಾನೇ ಬರೆದುಕೊಟ್ಟಿದ್ದೀನಿ. ಮೊದಲು ತಪ್ಪೇನು ಅಂತ ಹುಡುಕು. ಅಲ್ಲೀವರೆಗೆ ಹೊರಗೆ ಒಂದು ಮಾತು ಹೋಗಕೂಡದು. ಹೋದರೆ ನಾಳೆಯಿಂದ ನೀನೂ ಬೇಡ, ನಾನೂ ಬೇಡ, ಈ ಆಫೀಸೂ ಬೇಡ."

"ಜನ ಸಾಯ್ತಾರೆ ಸರ್."

"ಅದಕ್ಕೇ ಬೇಗ ಹುಡುಕು ಅಂದದ್ದು."

ಎಲ್ಲವನ್ನೂ ಇನ್ನೊಂದು ಸಲ ಕಳಿಸಿದರೆ ಮುಗೀತಲ್ಲ ಅಂತ ನಿಮಗೆ ಅನ್ನಿಸಬಹುದು. ಆಗಲ್ಲ. ನಮ್ಮ ತಡೆ ಲೈಟಿನ ಸ್ವಿಚ್ಚಿನ ಹಾಗೆ. ಒಂದು ಸಲ ಕಳಿಸಿದರೆ ತಡೆ, ಅದೇ ಪೆಟ್ಟಿಗೆಗೆ ಇನ್ನೊಂದು ಸಲ ಕಳಿಸಿದರೆ ತೆರವು. ಯಾವ ಪುಣ್ಯಾತ್ಮ ಹಾಗೆ ಮಾಡಿದನೋ, ಅವನ ಮನೆ ಹಾಳಾಗ! ಕಣ್ಣು ಮುಚ್ಚಿಕೊಂಡು ಮತ್ತೆ ಕಳಿಸಿದರೆ ಈಗ ಕೆಂಪಿರೋ ಪೆಟ್ಟಿಗೆಗಳೆಲ್ಲ ಹಸಿರಾಗಿ ಕೂರ್ತವೆ. ಬರೆದಿರೋದನ್ನ ಪೂರ್ತಿ ಓದಿ ತಪ್ಪಿದ ಪೆಟ್ಟಿಗೆಗಳನ್ನ ಆರಿಸೋಣ ಅಂದರೆ ಅದಕ್ಕೂ ಧೈರ್ಯ ಇಲ್ಲ. ನಮ್ಮಿಂದ ಬ್ಲಾಕ್‌ಚೈನಿಗೆ ಹೋಗೋಕೆ ನಾಲ್ಕು ಬಾಗಿಲುಗಳಿವೆ, ಅಂದರೆ ನಮ್ಮ ಸಂದೇಶ ತಗೊಳ್ಳೋ ನಾಲ್ಕು ಕಂಪ್ಯೂಟರುಗಳು. ಒಂದು ಬಾಗಿಲಲ್ಲಿ ಇಣುಕಿದರೆ ತಡೆ ಇದೆ ಅನ್ನುತ್ತೆ, ಪಕ್ಕದ ಬಾಗಿಲಲ್ಲಿ ಅದೇ ಪೆಟ್ಟಿಗೆ ಕೇಳಿದರೆ ಇಲ್ಲ ಅನ್ನುತ್ತೆ. ಒಂದು ಬಾಗಿಲು ಚುರುಕು, ಒಂದು ಮಂದ. ತಪ್ಪಿನ ಬುಡ ಗೊತ್ತಾಗದೆ ಕೈ ಹಾಕಿದರೆ ಇರೋದೂ ಕೆಡುತ್ತೆ. ಅತ್ತ ದರಿ, ಇತ್ತ ಪುಲಿ.

ಪ್ರಯೋಗಕ್ಕೆ ಅಂತ ಇಟ್ಟುಕೊಂಡಿರೋ ನಕಲು ಬ್ಲಾಕ್‌ಚೈನಿನಲ್ಲಿ ಅದೇ ಕೆಲಸ ಮಾಡಿ ನೋಡಿದೆವು. ಸುಳ್ಳು ಪೆಟ್ಟಿಗೆಗಳು, ಸುಳ್ಳು ತಡೆಗಳು. ಎಲ್ಲಾ ಸರಿಯಾಗಿ ಬಿದ್ದವು. ಮತ್ತೆ ಮಾಡಿದೆವು, ಸರಿ. ಮತ್ತೆ ಮಾಡಿದೆವು, ಒಂದಷ್ಟು ಕಾಣೆ. ಎಲ್ಲವನ್ನೂ ಅಳಿಸಿ ಮೊದಲಿಂದ ಕಳಿಸಿದರೆ ಅವು ಸರಿ, ಬೇರೆ ಯಾವುವೋ ಕಾಣೆ. ಗೊಣಗ ಪ್ರತಿ ಹೆಜ್ಜೆಯಲ್ಲೂ ಏನಾಗ್ತಿದೆ ಅಂತ ಬರೆದುಕೊಳ್ಳೋ ಸಾಲುಗಳನ್ನ ಪ್ರೋಗ್ರಾಮಿಗೆ ಸೇರಿಸಿದ. ಆಗ ಒಂದೇ ಒಂದು ಪೆಟ್ಟಿಗೆಯೂ ತಪ್ಪಲಿಲ್ಲ. ಸಾಲು ತೆಗೆದ, ತಪ್ಪಿತು. ಹಾಕಿದ, ತಪ್ಪಲಿಲ್ಲ.

"ಇದು ನಾವು ನೋಡ್ತಿದ್ದರೆ ಸುಮ್ಮನಿರುತ್ತೆ ಕಣೇ" ಅಂದ ಪಿಸುಗುಟ್ಟಿ. "ನಾವು ಆ ಕಡೆ ತಿರುಗಿದ ಕೂಡಲೇ ಕಚ್ಚುತ್ತೆ."

"ಬಾಯಿ ಮುಚ್ಚೋ ಮಾರಾಯ!" ಅಂದೆ. ಹಗಲು ಹೊತ್ತು, ಕಿಟಕಿಯಿಂದ ಬಿಸಿಲು ಮೇಜಿನ ಮೇಲೆ ಬಿದ್ದಿದೆ, ಆಚೆ ರಸ್ತೆಯಲ್ಲಿ ಯಾರೋ ನಗ್ತಾ ಹೋಗ್ತಿದ್ದಾರೆ. ನನಗೆ ಮಾತ್ರ ಬೆನ್ನ ಹಿಂದೆ ಯಾರೋ ನಿಂತ ಹಾಗೆ. ಈ ಕ್ಷಣ ಎಲ್ಲೋ ಒಂದು ಕಡೆ ಒಬ್ಬ ನರ್ಸು ಪೆಟ್ಟಿಗೆಗೆ ಸ್ಕ್ಯಾನರು ಹಿಡಿದಿರ್ತಾಳೆ. ಹಸಿರು ಬಂದಿರುತ್ತೆ. ಆಕೆ ನಂಬಿರ್ತಾಳೆ. ಅಕ್ಕನ ಮುಖ ಕಣ್ಣ ಮುಂದೆ ಬಂತು. ಬೆಳಗ್ಗೆ ಫೋನಿನಲ್ಲಿ "ಏ ಸಿಡುಕಿ, ನಾನು ಏಳೋ ಹೊತ್ತಿಗೆ ಎದುರಿಗೆ ನೀನಿರಬೇಕು. ನಿನ್ನ ಭಾವನ ಮುಖ ನೋಡಿದರೆ ಮತ್ತೆ ಪ್ರಜ್ಞೆ ತಪ್ಪುತ್ತೆ" ಅಂತ ನಕ್ಕಿದ್ದಳು.

ತಡೆಯೋಕಾಗಲಿಲ್ಲ. ಭಾವನಿಗೆ ಫೋನ್ ಮಾಡಿದೆ. ಆದರೆ ಸಾಹೇಬರು ಕೋಣೆ ಬಿಟ್ಟು ಬಂದು ನನ್ನ ಕುರ್ಚಿಯ ಹಿಂದೆಯೇ ನಿಂತಿದ್ದರು. ಬಾಯಿಬಿಟ್ಟು ಹೇಳೋ ಹಾಗಿಲ್ಲ. ಆ ಕ್ಷಣಕ್ಕೆ ಒಂದು ಉಪಾಯ ಹೊಳೀತು. ಎಂಥಾ ಜಾಣೆ ನಾನು ಅಂತ ನನಗೇ ಅನ್ನಿಸಿತು, ನೋಡಿ.

"ಭಾವ, ಅಕ್ಕನಿಗೆ ಮಂಪರಿನ ಇಂಜೆಕ್ಷನ್ ಕೊಡ್ತಾರಲ್ಲ, ಅದು ಅವಳಿಗೆ ಆಗಿಬರಲ್ಲ." ಔಷಧಿಯ ಹೆಸರು ಹೇಳಿದೆ. "ಚಿಕ್ಕವಳಿದ್ದಾಗ ಕೊಟ್ಟು ಮೈಯೆಲ್ಲಾ ದದ್ದು ಎದ್ದಿತ್ತು. ಬೇರೆ ಔಷಧಿ ಕೊಡಿ ಅಂತ ಡಾಕ್ಟರಿಗೆ ಹೇಳಿ."

"ಹೌದಾ? ಅವಳು ನನಗೆ ಯಾವತ್ತೂ ಹೇಳೇ ಇಲ್ಲವಲ್ಲ."

"ಅವಳಿಗೆ ನೆನಪಿಲ್ಲ. ನೀವು ಹೇಳಿ, ಅಷ್ಟೇ."

"ಆಯ್ತು" ಅಂದರು ಭಾವ.

ಉಸಿರು ಬಿಟ್ಟೆ. ಒಂದು ಕಲ್ಲು ಎದೆಯಿಂದ ಇಳೀತು. ಸಾಹೇಬರು "ಮನೆ ವಿಷಯ ಆಮೇಲೆ ಮಾತಾಡಮ್ಮ" ಅಂತ ಗೊಣಗನ ಕಡೆ ತಿರುಗಿದರು. ನಾನೂ ಕೆಲಸಕ್ಕೆ ಬಿದ್ದೆ. ಆದರೆ ಮನಸ್ಸು ಕೇಳಬೇಕಲ್ಲ. ಸ್ವಲ್ಪ ಹೊತ್ತು ಬಿಟ್ಟು, ಮುಖ ತೊಳೆಯೋ ನೆಪದಲ್ಲಿ ಹೋಗಿ ಮತ್ತೆ ಫೋನ್ ಮಾಡಿದೆ.

"ಭಾವ, ಡಾಕ್ಟರು ಏನಂದರು?"

"ಇನ್ನೂ ಹೇಳಿಲ್ಲ. ಅವರು ಒಳಗಿದ್ದಾರೆ. ಬರಲಿ ಅಂತ ಕಾಯ್ತಿದ್ದೀನಿ."

"ಅಯ್ಯೋ! ಆಗಲೇ ಆಯ್ತು ಅಂದಿರಲ್ಲ!"

"ಆಯ್ತು ಅಂದೆ. ಅಂದರೆ, ಆಯ್ತು, ಹೇಳ್ತೀನಿ ಅಂತ. ಹೇಳಾಯ್ತು ಅಂತ ಎಲ್ಲಿ ಅಂದೆ?"

"ನಿಮ್ಮ ಸಂಕೋಚಕ್ಕೆ ಬೆಂಕಿ ಹಾಕ! ಕಾಯಬೇಡಿ, ಬಾಗಿಲು ಬಡೀರಿ! ಅಕ್ಕ ಬೇಕೋ ಬೇಡವೋ ನಿಮಗೆ?" ಭಾವನ ಹತ್ತಿರ ಯಾವತ್ತೂ ಹಾಗೆ ಕೂಗಿದವಳಲ್ಲ. ಅವರು ಓಡಿದ್ದು ಫೋನಿನಲ್ಲೇ ಕೇಳಿಸಿತು. ಬಾಗಿಲು ಬಡಿದ ಸದ್ದು, ಒಬ್ಬ ಹೆಂಗಸಿನ ಗದರಿಕೆ, ಭಾವನ ತೊದಲು, ಆಮೇಲೆ ಯಾರೋ "ಸರಿ, ಬರ್ಕೊಂಡೆ, ಬೇರೆ ಕೊಡ್ತೀವಿ" ಅಂದದ್ದು. ಗೋಡೆಗೆ ಒರಗಿ ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ.

ಹಾಗೆ ಕೂತಾಗಲೇ ಹೊಳೆದದ್ದು. ಆಯ್ತು ಅಂದರೆ ಆಯ್ತು ಅಂತಲೇ ಅಲ್ಲವಲ್ಲ! ಕೆಲಸ ಮುಗಿದಾಗಲೂ ಆಯ್ತು ಅಂತೀವಿ, ಕೆಲಸ ಒಪ್ಪಿಕೊಂಡಾಗಲೂ ಆಯ್ತು ಅಂತೀವಿ. ನಮ್ಮ ಬ್ಲಾಕ್‌ಚೈನಿನ ಬಾಗಿಲುಗಳು ಹೇಳ್ತಿದ್ದದ್ದು ಭಾವ ಹೇಳಿದ ಆಯ್ತು. ಸಂದೇಶ ಕೈಗೆ ಬಂತು, ಮುಂದೆ ಕಳಿಸ್ತೀನಿ, ಆಯ್ತು. ನಾವು ಪರದೆಯಲ್ಲಿ ಓದಿದ್ದು ಬರೆದಾಯ್ತು ಅಂತ.

ಓಡಿ ಬಂದೆ. "ಗೊಣಗಾ, ಪ್ರೋಗ್ರಾಮು ಆಯ್ತು ಅಂತ ಹಾಕೋದು ಯಾವಾಗ? ಬಾಗಿಲಲ್ಲಿ ಸಂದೇಶ ತಗೊಂಡಾಗಲಾ, ಬ್ಲಾಕ್‌ಚೈನಿನಲ್ಲಿ ಬರೆದಾದ ಮೇಲಾ?"

ಗೊಣಗ ನೋಡಿದ. "ತಗೊಂಡಾಗ" ಅಂದ. ತಲೆ ಮೇಲೆ ಕೈ ಹೊತ್ತುಕೊಂಡ.

ತಗೊಂಡದ್ದು ಬರೆಯೋ ಮುಂಚೆ ಎಲ್ಲಿ ಕಳೆದುಹೋಗ್ತಿದೆ? ನಮ್ಮ ಕಂಪನಿಯ ಖಾತೆಯಿಂದ ಹೋಗೋ ಪ್ರತಿ ಸಂದೇಶಕ್ಕೂ ಒಂದು ಸರದಿ ಸಂಖ್ಯೆ ಇರಬೇಕು, ಡಾಕ್ಟರ ಹತ್ತಿರ ಹೋದಾಗ ಕೊಡೋ ಟೋಕನ್ನಿನ ಹಾಗೆ. ಒಂದು ಸಂಖ್ಯೆಗೆ ಒಂದೇ ಸಂದೇಶ. ಕಾಣೆಯಾದ ಸುಳ್ಳು ಪೆಟ್ಟಿಗೆಗಳ ಸಂಖ್ಯೆಗಳನ್ನ ತೆಗೆದು ನೋಡಿದೆ. ಒಂದೊಂದಕ್ಕೂ ಒಂದು ಜೋಡಿ ಇತ್ತು! ಅದೇ ಸಂಖ್ಯೆ ಹೊತ್ತ ಇನ್ನೊಂದು ಪೆಟ್ಟಿಗೆ, ಸರಿಯಾಗಿ ಬರೆಸಿಕೊಂಡು ಕೂತಿತ್ತು. ನಮ್ಮ ಪ್ರೋಗ್ರಾಮು ಬೇಗ ಮುಗಿಸೋಕೆ ಹತ್ತಾರು ಕೈಗಳಿಂದ ಒಟ್ಟಿಗೆ ಕಳಿಸುತ್ತೆ. ಎರಡು ಕೈಗಳು ಒಂದೇ ಗಳಿಗೆಯಲ್ಲಿ ಎರಡು ಬಾಗಿಲಿಗೆ ಹೋಗಿ "ಮುಂದಿನ ಸಂಖ್ಯೆ ಯಾವುದು?" ಅಂತ ಕೇಳಿದರೆ ಎರಡಕ್ಕೂ ಒಂದೇ ಟೋಕನ್ನು. ಎರಡೂ ಬಾಗಿಲು ಆಯ್ತು ಅನ್ನುತ್ತವೆ. ಬರೆಯೋ ಹೊತ್ತಿಗೆ ಒಬ್ಬರಿಗೇ ಜಾಗ, ಇನ್ನೊಬ್ಬರನ್ನ ಸದ್ದಿಲ್ಲದೆ ಕಸಕ್ಕೆ ಎಸೀತಾರೆ. ಗೊಣಗ ಬರೆದುಕೊಳ್ಳೋ ಸಾಲು ಹಾಕಿದಾಗ ಕೈಗಳು ಒಂಚೂರು ನಿಧಾನ ಆಗ್ತಿದ್ದವು, ಡಿಕ್ಕಿ ಆಗ್ತಿರಲಿಲ್ಲ. ಭೂತವೂ ಅಲ್ಲ, ಪಿಶಾಚಿಯೂ ಅಲ್ಲ. ಬರೀ ಅವಸರ.

ಇನ್ನು ಹೆದರದೆ ಕೈ ಹಾಕಬಹುದಿತ್ತು. ನಿನ್ನೆ ಒಂದೇ ಸಂಖ್ಯೆ ಹೊತ್ತು ಹೋದ ಜೋಡಿಗಳನ್ನೆಲ್ಲ ತೆಗೆದೆವು. ಪ್ರತಿ ಜೋಡಿಯಲ್ಲೂ ಬರೆಸಿಕೊಂಡದ್ದು ಯಾವುದು, ಬಿದ್ದುಹೋದದ್ದು ಯಾವುದು ಅಂತ ನಾಲ್ಕೂ ಬಾಗಿಲಲ್ಲಿ ಕೇಳಿ, ನಾಲ್ಕೂ ಒಂದೇ ಮಾತು ಹೇಳಿದ ಮೇಲೆ ಆರಿಸಿದೆವು. ಬಿದ್ದುಹೋದ ಪೆಟ್ಟಿಗೆಗಳಿಗೆ ಒಂದೇ ಕೈಯಿಂದ, ಒಂದಾದ ಮೇಲೆ ಒಂದು, ಬರೆದಾಗಿದೆ ಅಂತ ಕಣ್ಣಾರೆ ನೋಡಿಕೊಂಡು ತಡೆ ಹಾಕಿದೆವು. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತಿದ್ದೆ. ಕೆಂಪು, ಕೆಂಪು, ಕೆಂಪು. ಕೆಂಪು ಬಣ್ಣ ಅಷ್ಟು ಚೆನ್ನಾಗಿರುತ್ತೆ ಅಂತ ಅವತ್ತೇ ಗೊತ್ತಾದದ್ದು.

ಒಂದು ಪೆಟ್ಟಿಗೆ ಮಾತ್ರ ತಡೆ ತಗೊಳ್ಳಲಿಲ್ಲ. ಈಗಾಗಲೇ ತೆರೆದಿದೆ ಅಂತ ಬಂತು. ಅವತ್ತೇ ಬೆಳಗ್ಗೆ ಸ್ಕ್ಯಾನ್ ಆಗಿದೆ, ಹಸಿರು ಬಂದಿದೆ. ಯಾವ ಆಸ್ಪತ್ರೆ ಅಂತ ನೋಡಿದೆ.

ಅಕ್ಕ ಇದ್ದ ಆಸ್ಪತ್ರೆ.

ಸಾಹೇಬರಿಗೆ ಏನು ಕೂಗಿದೆನೋ ನೆನಪಿಲ್ಲ. ಅವರ ಮುಖ ಸುಣ್ಣ ಬಳಿದ ಹಾಗಾಗಿತ್ತು, ಅಷ್ಟು ನೆನಪಿದೆ. ಗೊಣಗ ಆಸ್ಪತ್ರೆಯ ನಂಬರು ಒತ್ತುತ್ತಲೇ ಇದ್ದ, ಎಂಗೇಜ್, ಎಂಗೇಜ್. ಭಾವ ಫೋನ್ ಎತ್ತಲಿಲ್ಲ. ನಾನು ಟ್ಯಾಕ್ಸಿ ಹಿಡಿದೆ. ದಾರಿಯುದ್ದಕ್ಕೂ ನನಗೆ ನಾನೇ ಹೇಳಿಕೊಳ್ತಿದ್ದೆ: ಬೇರೆ ಕೊಡ್ತೀವಿ ಅಂದದ್ದು ನಾನೇ ಕೇಳಿಸಿಕೊಂಡಿದ್ದೀನಿ. ಬರ್ಕೊಂಡೆ ಅಂದಿದ್ದಾರೆ. ಬರ್ಕೊಂಡೆ ಅಂದರೆ ಬರ್ಕೊಂಡಿರ್ತಾರೆ. ಡ್ರೈವರು ಕನ್ನಡಿಯಲ್ಲಿ ನೋಡಿ "ಯಾರಿಗಮ್ಮ ಹುಷಾರಿಲ್ಲ?" ಅಂದ. ನಾನು ಮತ್ತೆ ಭಾವನ ನಂಬರು ಒತ್ತಿದೆ.

ಮೆಟ್ಟಿಲು ಹತ್ತಿ ಮೇಲೆ ಬಂದರೆ, ಉದ್ದನೆಯ ಕಾರಿಡಾರಿನ ಕೊನೆಯಲ್ಲಿ ಗಾಲಿ ಮಂಚ ತಳ್ಳಿಕೊಂಡು ಬರ್ತಿದ್ದರು. ಒಂದು ಪಕ್ಕ ಭಾವ, ಒಂದು ಪಕ್ಕ ಅಮ್ಮ. ಮಂಚದ ಮೇಲೆ ಅಕ್ಕ. ತುಟಿ ಒಣಗಿದೆ, ಕಣ್ಣು ಅರ್ಧ ತೆರೆದಿದೆ. ನನ್ನನ್ನ ನೋಡಿ "ಬಂದೆಯಾ" ಅಂದಳು. ಅಷ್ಟೇ ಅಂದದ್ದು.

ನಾನು ನಡು ಕಾರಿಡಾರಿನಲ್ಲೇ ಗೊಳೋ ಅಂತ ಅತ್ತೆ. ಅಮ್ಮ "ಏ ಹುಚ್ಚಿ, ಕಲ್ಲು ತೆಗೆದದ್ದಕ್ಕೆ ಯಾರಾದರೂ ಹೀಗೆ ಅಳ್ತಾರಾ? ನಾನು ನಿನ್ನ ಹೆತ್ತಾಗ ಇಷ್ಟು ಅತ್ತಿಲ್ಲ" ಅಂತ ಬೈದಳು. ಭಾವ "ಬಾಗಿಲು ಬಡಿದದ್ದಕ್ಕೆ ನರ್ಸಮ್ಮ ನನ್ನನ್ನ ಕಿವಿ ಹಿಡಿದು ಹೊರಗೆ ಹಾಕೋದೊಂದು ಬಾಕಿ" ಅಂತ ನಕ್ಕರು. ನಾನೂ ನಕ್ಕೆ. ಸದ್ಯ, ಬದುಕಿದೆವು ಅನ್ನಿಸಿತು. ಪೆಟ್ಟಿಗೆ, ಸೀಸೆ, ಯಾವುದೂ ತಲೆಯಲ್ಲಿರಲಿಲ್ಲ. ಅಕ್ಕನ ಕೈ ಬೆಚ್ಚಗಿತ್ತು, ಅದನ್ನ ಹಿಡಿದುಕೊಂಡೇ ವಾರ್ಡಿಗೆ ಹೋದೆ.

ಅಕ್ಕನ ಪಕ್ಕದ ಮಂಚ ಖಾಲಿ ಇತ್ತು. ಅದರ ಅಂಚಿನಲ್ಲಿ ಒಬ್ಬ ಹೆಂಗಸು ಕೂತಿದ್ದರು. ಕೊರಳಲ್ಲಿ ಇನ್ನೂ ಅಳತೆ ಟೇಪು ನೇತಾಡ್ತಿತ್ತು. ದರ್ಜಿ ಕೆಲಸದವರಂತೆ, ಮಗಳಿಗೆ ಅಪೆಂಡಿಕ್ಸು ಅಂತ ಅಂಗಡಿಯಿಂದ ಹಾಗೇ ಎದ್ದು ಬಂದಿದ್ದಾರೆ, ಬೆಳಗ್ಗೆಯಿಂದ ಅಕ್ಕನ ಜೊತೆ ಹರಟೆ ಹೊಡೆದು ಅವಳ ಭಯ ಬಿಡಿಸಿದ್ದಾರೆ. ಅಮ್ಮ ಇದನ್ನೆಲ್ಲ ನನಗೆ ಹೇಳ್ತಾ ಹೇಳ್ತಾ ಅವರ ಕಡೆ ತಿರುಗಿ, "ನಿಮ್ಮ ಮಗಳು ಬಂದಳಾ?" ಅಂದಳು.

"ಇನ್ನೂ ಎಚ್ಚರ ಆಗಿಲ್ಲವಂತೆ" ಅಂದರು ದರ್ಜಿಯಮ್ಮ. "ನಿಮ್ಮವಳು ಆಮೇಲೆ ಹೋದವಳು, ಆಗಲೇ ಬಂದಳು. ನನ್ನ ಮಗಳು ಮೊದಲಿಂದಲೂ ನಿದ್ದೆಬುರುಕಿ. ಅದಕ್ಕೇ ಇರಬಹುದು ಅಲ್ಲವಾ?"

ಅಮ್ಮ ಹೌದು ಹೌದು ಅಂತ ತಲೆ ಆಡಿಸಿದಳು.

"ನಿಮ್ಮವಳನ್ನೇ ಮೊದಲು ಕರೆದುಕೊಂಡು ಹೋಗಬೇಕಿತ್ತಂತೆ" ಅಂದರು ಅವರು. "ಅವಳಿಗೆ ಆ ಇಂಜೆಕ್ಷನ್ ಆಗಿಬರಲ್ಲ ಅಂತ ನಿಮ್ಮ ಅಳಿಯ ಹೇಳಿದ ಮೇಲೆ ಬೇರೆ ಔಷಧಿ ತರಿಸೋವರೆಗೂ ಸುಮ್ಮನೆ ಯಾಕೆ ಕಾಯೋದು ಅಂತ ನನ್ನ ಮಗಳನ್ನ ಮೊದಲು ತಗೊಂಡರು. ನಿಮ್ಮವಳಿಗೆ ಅಂತ ತೆಗೆದಿಟ್ಟಿದ್ದ ಸೀಸೆನೇ ಇತ್ತಲ್ಲ. ಒಳ್ಳೇದೇ ಆಯ್ತು, ಬೇಗ ಮುಗೀತು ಅಂದುಕೊಂಡೆ."

ಅಕ್ಕನ ಕೈ ಬಿಟ್ಟೆ. ಕಾಲು ತಾನೇ ಓಡಿತು. ಆಪರೇಷನ್ ಕೋಣೆಯ ಬಾಗಿಲನ್ನ ಎರಡೂ ಕೈಯಿಂದ ಬಡಿದೆ. ಮಂಪರು ಕೊಡೋ ಡಾಕ್ಟರೇ ಹೊರಗೆ ಬಂದರು, ಹಣೆ ತುಂಬಾ ಬೆವರು. "ಆ ಸೀಸೆ ತಪ್ಪು, ಲೇಬಲ್ಲು ತಪ್ಪು, ಒಳಗಿರೋದು ಜೋರಿನದು" ಅಂತ ಹೇಳಿದೆ, ಔಷಧಿಯ ಹೆಸರು ಹೇಳಿದೆ, ಬ್ಯಾಚು ಹೇಳಿದೆ. ಅವರು ಒಂದು ಗಳಿಗೆ ನನ್ನನ್ನೇ ನೋಡಿದರು. ಆಮೇಲೆ ಒಳಗೆ ಏನೋ ಕೂಗುತ್ತಾ ಓಡಿದರು. ಬಾಗಿಲು ತನ್ನಷ್ಟಕ್ಕೆ ಮುಚ್ಚಿಕೊಂಡಿತು.

ತಿರುಗಿದೆ. ದರ್ಜಿಯಮ್ಮ ನನ್ನ ಹಿಂದೆಯೇ ಬಂದು ನಿಂತಿದ್ದರು. ಎಲ್ಲ ಕೇಳಿಸಿಕೊಂಡಿದ್ದರು. ಅವರ ಹಿಂದೆ ಅಮ್ಮ, ಭಾವ. ನಾನು ತಪ್ಪನ್ನ ಸಾಹೇಬರ ಮೇಲೆ ಹೊರಿಸಬಹುದಿತ್ತು. ಪ್ರೋಗ್ರಾಮಿನ ಮೇಲೆ ಹೊರಿಸಬಹುದಿತ್ತು. ಆದರೆ ಭಾವನಿಗೆ ಫೋನ್ ಮಾಡಿದಾಗ "ಆ ಪೆಟ್ಟಿಗೆ ಯಾರಿಗೂ ಬೇಡ" ಅನ್ನೋಕೆ ಎಷ್ಟು ಹೊತ್ತು ಬೇಕಿತ್ತು? ಮುಖ ತೊಳೆಯೋ ಕೋಣೆಯಲ್ಲಂತೂ ನನ್ನ ಹಿಂದೆ ಸಾಹೇಬರೂ ಇರಲಿಲ್ಲ. ನನಗೆ ಅಕ್ಕನೊಬ್ಬಳೇ ಕಾಣಿಸಿದ್ದಳು.

"ನಿನಗೆ ಮೊದಲೇ ಗೊತ್ತಿತ್ತಾ ಮಗಳೇ?" ಅಂದರು ಅವರು. ಉಗ್ರಾಣದವನ ಹಾಗೇ, ದನಿಯಲ್ಲಿ ಸಿಟ್ಟಿರಲಿಲ್ಲ.

ಮಗಳೇ ಅಂದರಲ್ಲ, ಸುಳ್ಳು ಹೇಳೋಕೆ ಬಾಯಿ ಬರಲಿಲ್ಲ. "ಗೊತ್ತಿತ್ತಮ್ಮ" ಅಂದೆ.